ಹಿಮದಿಂದ ಎಳೆ ಪೈರಿನ ರಕ್ಷಣೆ: ಬೆಳವಣಿಗೆ ನಿಯಂತ್ರಕಗಳ ಪಾತ್ರ

ನೀಲಗಿರಿಯ ತಗ್ಗು ಕಣಿವೆಗಳಲ್ಲಿ ಡಿಸೆಂಬರ್-ಜನವರಿ ತಿಂಗಳುಗಳ ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳಲ್ಲಿ ಹಿಮ ಬೀಳುವುದುಂಟು. ಆಗ ಆಲೂಗೆಡ್ಡೆಯ ಎಳೆ ಪೈರು ಒಂದೇ ರಾತ್ರಿಯಲ್ಲಿ ಸುಟ್ಟಂತೆ ಕಪ್ಪಾಗುತ್ತದೆ. ಜೀವಕೋಶಗಳ ನಡುವಿನ ನೀರು ಹೆಪ್ಪುಗಟ್ಟಿ ಕೋಶದೊಳಗಿನ ನೀರನ್ನೂ ಹೊರಗೆಳೆಯುವುದರಿಂದ ಕೋಶಪೊರೆ ಹಾಳಾಗುವುದೇ ಇದಕ್ಕೆ ಕಾರಣ.

ಚಳಿ ಕ್ರಮೇಣ ಹೆಚ್ಚಿದಾಗ ಅನೇಕ ಸಸ್ಯಗಳಲ್ಲಿ ಆಬ್ಸಿಸಿಕ್ ಆಮ್ಲವೆಂಬ ಚೋದಕವು ಹೆಚ್ಚಿ, ಬೆಳವಣಿಗೆ ತಗ್ಗಿ, ಸಸಿ ಗಡುಸಾಗುತ್ತದೆ. ಸೊಲಾನಮ್ ಕಾಮರ್ಸೋನಿಯೈ ಎಂಬ ಕಾಡು ಆಲೂಗೆಡ್ಡೆಗೆ ಈ ಆಮ್ಲವನ್ನು ಒದಗಿಸಿದಾಗ ಹಿಮ ಸಹಿಸುವ ಶಕ್ತಿ ಹೆಚ್ಚಿತೆಂದು 1983ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಆದರೆ ನಾವು ಬೆಳೆಯುವ ಆಲೂಗೆಡ್ಡೆಗೆ ಚಳಿಗೆ ಒಗ್ಗಿ ಗಡುಸಾಗುವ ಗುಣವಿಲ್ಲ.

ಪ್ಯಾಕ್ಲೊಬ್ಯುಟ್ರಜಾಲ್ ಎಂಬ ನಿಯಂತ್ರಕವು ಜಿಬ್ಬರೆಲಿನ್ ಉತ್ಪತ್ತಿಯನ್ನು ತಡೆದು ಸಸಿಯನ್ನು ಗಿಡ್ಡವಾಗಿಸುತ್ತದೆ. ಇದು ಮಣ್ಣಿನಲ್ಲಿ ಬಹುಕಾಲ ಉಳಿದು ಮುಂದಿನ ಬೆಳೆಯನ್ನೂ ಕುಗ್ಗಿಸಬಹುದು. ಆದ್ದರಿಂದ ಶಿಫಾರಸಿಲ್ಲದೆ ಬಳಸಬಾರದು.

ರೈತರು ನೆನಪಿಡಬೇಕಾದ ಅಂಶಗಳು:

1. ಯಾವ ನಿಯಂತ್ರಕವೇ ಆಗಲಿ, ಹಿಮ ಬೀಳುವ ಮೊದಲೇ ಕೊಡಬೇಕು. ಸುಟ್ಟ ಎಲೆ ಇದರಿಂದ ಚೇತರಿಸದು.
2. ಹಿಮದ ಸೂಚನೆಯಿದ್ದ ದಿನ ಸಂಜೆ ತೆಳುವಾಗಿ ನೀರು ಹಾಯಿಸಬೇಕು.
3. ಎಳೆ ಸಸಿಗಳಿಗೆ ರಾತ್ರಿ ಹುಲ್ಲು ಹೊದಿಸಿ, ಬೆಳಿಗ್ಗೆ ತೆಗೆಯಬೇಕು.
4. ಹಿಮದ ಕಾಲದಲ್ಲಿ ಸಾರಜನಕ ಗೊಬ್ಬರವನ್ನು ಹೆಚ್ಚಾಗಿ ಕೊಡಬಾರದು. ಸೊಕ್ಕಿ ಬೆಳೆದ ಪೈರು ಬೇಗ ಹಾನಿಗೊಳಗಾಗುತ್ತದೆ.