ಕೊಬ್ಬಿದ ಕುದುರೆಯನ್ನು ಉಪವಾಸ ಕೆಡವಬೇಡಿ



ಮದುವೆಯ ಕಾಲದಲ್ಲಿ ಮೆರವಣಿಗೆಗೆ ಹೋಗಿ ದುಡಿದ ಕುದುರೆ, ಆಷಾಢ ಬಂತೆಂದರೆ ಲಾಯದಲ್ಲಿ ನಿಂತುಬಿಡುತ್ತದೆ. ಕೆಲಸ ನಿಂತರೂ ಹುರುಳಿ, ಬೂಸಾ, ಬೆಲ್ಲ ನಿಲ್ಲುವುದಿಲ್ಲ. ಮಳೆ ಬಿದ್ದು ಹಸಿರು ಹುಲ್ಲೂ ಬೇಕಾದಷ್ಟು ಸಿಗುತ್ತದೆ. ಕುದುರೆ ಮೈತುಂಬಿಕೊಳ್ಳುತ್ತದೆ. ನೋಡಿದವರು "ಚೆನ್ನಾಗಿ ಸಾಕಿದ್ದೀರಿ" ಎನ್ನುತ್ತಾರೆ. ಆದರೆ ಅತಿಯಾದ ಕೊಬ್ಬು ಆರೋಗ್ಯದ ಗುರುತಲ್ಲ. ಅಂಥ ಕುದುರೆಗೆ ಗೊರಸಿನ ಒಳಪದರ ಊದಿಕೊಳ್ಳುವ ಬೇನೆ ಬರುವ ಸಂಭವ ಹೆಚ್ಚು. ಬೇನೆ ಬೆಳೆದರೆ ಗೊರಸಿನೊಳಗಿನ ಮೂಳೆ ಸ್ಥಾನ ತಪ್ಪಿ, ಕುದುರೆ ಶಾಶ್ವತವಾಗಿ ಕುಂಟಾಗಬಹುದು.

ಕೊಬ್ಬನ್ನು ಗುರುತಿಸುವುದು ಹೇಗೆ? ಪಕ್ಕೆಲುಬುಗಳ ಮೇಲೆ ಅಂಗೈಯನ್ನು ಮೆಲ್ಲಗೆ ಆಡಿಸಿ. ಎಲುಬು ಕಣ್ಣಿಗೆ ಕಾಣಬಾರದು, ಆದರೆ ಕೈಗೆ ಸಿಗಬೇಕು. ಒತ್ತಿದರೂ ಸಿಗದಿದ್ದರೆ, ಕತ್ತಿನ ಮೇಲ್ಭಾಗ ದಿಂಡಿನಂತೆ ಗಟ್ಟಿಯಾಗಿದ್ದರೆ, ಬಾಲದ ಬುಡದಲ್ಲಿ ಮೆತ್ತನೆಯ ಕೊಬ್ಬು ಸೇರಿದ್ದರೆ, ತೂಕ ಇಳಿಸಬೇಕೆಂದು ತಿಳಿಯಿರಿ.

ಇಲ್ಲಿಯೇ ಹಲವರು ತಪ್ಪು ಮಾಡುತ್ತಾರೆ. "ಶ್ರಾವಣದಲ್ಲಿ ಮತ್ತೆ ಮೆರವಣಿಗೆ ಇದೆ, ನಾಲ್ಕು ದಿನ ಮೇವು ಹಾಕದಿದ್ದರೆ ಇಳಿದೀತು" ಎಂದು ಉಪವಾಸ ಕಟ್ಟುತ್ತಾರೆ. ಇದು ಪ್ರಾಣಕ್ಕೇ ಅಪಾಯ. ಕುದುರೆಯ ಹೊಟ್ಟೆಯಲ್ಲಿ ಹುಳಿರಸ ಹಗಲಿರುಳೂ ಒಸರುತ್ತಿರುತ್ತದೆ, ಮೇವಿಲ್ಲದಿದ್ದರೆ ಹುಣ್ಣಾಗುತ್ತದೆ. ಅಲ್ಲದೆ, ಕೊಬ್ಬಿದ ಪ್ರಾಣಿ ಒಮ್ಮೆಲೇ ಹಸಿದರೆ ಮೈಯ ಕೊಬ್ಬೆಲ್ಲ ಕರಗಿ ರಕ್ತಕ್ಕೆ ನುಗ್ಗಿ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ತಟ್ಟುಗಳಿಗೆ, ಕತ್ತೆಗಳಿಗೆ, ಗಬ್ಬದ ಕುದುರೆಗಳಿಗೆ ಈ ಅಪಾಯ ಇನ್ನೂ ಹೆಚ್ಚು.

ಹಾಗಾದರೆ ಸರಿಯಾದ ಕ್ರಮವೇನು? ಮೊದಲು ತೂಕ ಅಂದಾಜು ಮಾಡಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, ೧೧,೯೦೦ರಿಂದ ಭಾಗಿಸಿ. ಸುತ್ತಳತೆ ೧೫೦, ಉದ್ದ ೧೪೦ ಇದ್ದರೆ ತೂಕ ಸುಮಾರು ೨೬೫ ಕಿಲೋ.

ಹುರುಳಿ, ಬೂಸಾ, ಬೆಲ್ಲವನ್ನು ಎಂಟು ಹತ್ತು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡಿ ನಿಲ್ಲಿಸಿ. ಹಸಿರು ಹುಲ್ಲಿಗೆ ಮಿತಿಯಿರಲಿ. ದಿನದ ಮೇವು, ನೀರಿನಂಶ ಬಿಟ್ಟು, ಮೈತೂಕದ ನೂರಕ್ಕೆ ಒಂದೂವರೆ ಪಾಲು ಇರಲಿ. ಮೇಲೆ ಹೇಳಿದ ಕುದುರೆಗೆ ಇದು ನಾಲ್ಕೂವರೆ ಕಿಲೋ ಒಣಹುಲ್ಲು. ಪಶುವೈದ್ಯರನ್ನು ಕೇಳದೆ ಇದಕ್ಕಿಂತ ಕಡಿಮೆ ಮಾಡಬೇಡಿ. ಹುಲ್ಲನ್ನು ಒಂದು ಗಂಟೆ ನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿದರೆ ಅದರ ಸಕ್ಕರೆಯ ಅಂಶ ಸ್ವಲ್ಪ ಕಡಿಮೆಯಾಗುತ್ತದೆ. ಅದನ್ನು ಮೂರು ನಾಲ್ಕು ಸಲ ಹಂಚಿ, ಸಣ್ಣ ಕಣ್ಣಿನ ಬಲೆಚೀಲದಲ್ಲಿ ಕಟ್ಟಿ, ನಿಧಾನವಾಗಿ ತಿನ್ನುತ್ತದೆ. ಉಪ್ಪು, ಖನಿಜ ಮಿಶ್ರಣ, ಶುದ್ಧ ನೀರು ತಪ್ಪಬಾರದು.

ಗೊರಸಿನಲ್ಲಿ ನೋವಿಲ್ಲದಿದ್ದರೆ ದಿನವೂ ನಡೆಸಿ. ಮೊದಲು ಕಾಲು ಗಂಟೆ ಸಾಕು. ವಾರವಾರವೂ ಹೆಚ್ಚಿಸುತ್ತ ಮುಕ್ಕಾಲು ಗಂಟೆಗೆ ತನ್ನಿ. ಮೊದಲ ದಿನವೇ ಓಡಿಸಬೇಡಿ. ವಾರಕ್ಕೊಮ್ಮೆ ಅದೇ ದಿನ ಅಳತೆ ತೆಗೆದು ಬರೆದಿಡಿ. ೨೬೫ ಕಿಲೋ ಕುದುರೆ ವಾರಕ್ಕೆ ಎರಡೂವರೆ ಕಿಲೋಗಿಂತ ಹೆಚ್ಚು ಇಳಿಯಬಾರದು.

ಕುದುರೆ ಮೇವು ಬಿಟ್ಟು ಮಂಕಾದರೆ, ತಿರುಗಲು ಹಿಂಜರಿದರೆ, ಮುಂಗಾಲು ಮುಂದೆ ಚಾಚಿ ಹಿಂದಕ್ಕೆ ವಾಲಿ ನಿಂತರೆ, ಗೊರಸು ಬಿಸಿಯಾಗಿದ್ದರೆ, ನಡೆಸುವುದನ್ನು ನಿಲ್ಲಿಸಿ ಅದೇ ದಿನ ಪಶುವೈದ್ಯರನ್ನು ಕರೆಸಿ.

ಕುದುರೆ ಕೊಬ್ಬಿದ್ದು ಎರಡು ದಿನದಲ್ಲಲ್ಲ; ಇಳಿಯುವುದೂ ಎರಡು ದಿನದಲ್ಲಲ್ಲ. ಮುಂದಿನ ಆಷಾಢದಲ್ಲಿ, ಕೆಲಸ ನಿಂತ ದಿನದಿಂದಲೇ ಹುರುಳಿಯ ಅಳತೆಯನ್ನೂ ತಗ್ಗಿಸುತ್ತ ಬನ್ನಿ. ಆಗ ಇಳಿಸುವ ಕಷ್ಟವೇ ಇರುವುದಿಲ್ಲ.