ಅಂಬಾಸಿಡರ್ ಬಾಗಿಲು ಏಕೆ ಕೂರುವುದಿಲ್ಲ?

ಬಿಜೂರಿನಂಥ ಕಡಲ ಮಗ್ಗುಲಿನ ಊರಲ್ಲಿ ಹಳೆಯ ಅಂಬಾಸಿಡರ್ ಇಟ್ಟುಕೊಂಡವರನ್ನು ಎಂಜಿನ್‌ಗಿಂತ ಹೆಚ್ಚಾಗಿ ಕಾಡುವುದು ತಗಡು. ಗಾಳಿಯಲ್ಲಿ ಸದಾ ಉಪ್ಪು, ಜೂನ್ ಬಂತೆಂದರೆ ಜಡಿಮಳೆ. ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪುನೀರಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ತುಕ್ಕಿನ ರಾಸಾಯನಿಕ ಕ್ರಿಯೆಯೂ ಚುರುಕಾಗುತ್ತದೆ. ಹೊರಮೈಯ ತುಕ್ಕಾದರೆ ಕಣ್ಣಿಗೆ ಬೀಳುತ್ತದೆ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಟೊಳ್ಳು ತೊಲೆ, ಅಂದರೆ ಸಿಲ್, ಒಳಗಿಂದಲೇ ಕರಗುತ್ತದೆ. ನೀರಿಳಿಯುವ ತೂತಿಗೆ ಕೆಸರು ಕಟ್ಟಿದರೆ ಅಷ್ಟೇ ಸಾಕು.

ಬಾಗಿಲು ಕೂರದಿದ್ದರೆ ನಾವು ದೂರುವುದು ಬಾಗಿಲನ್ನೇ. ಹಿಂಜ್ ಬಗ್ಗಿಸು, ಅಂಚು ಬಡಿ, ಉಳಿದದ್ದಕ್ಕೆ ಪುಟ್ಟಿ ಮೆತ್ತು. ಗೋಡೆ ಕುಸಿದ ಮನೆಯಲ್ಲಿ ಕದಕ್ಕೆ ಹತ್ರಿ ಹಾಕಿದ ಹಾಗೆ ಇದು. ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಹುಟ್ಟಿ 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್‌ಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ. ಭಾರ ಹೊರುವುದು ಬಾಡಿಯೇ. ಸಿಲ್ ಸೋತರೆ ನಡುಭಾಗ ಜಗ್ಗುತ್ತದೆ, ಬಾಗಿಲ ಎರಡೂ ಬದಿಯ ಕಂಬಗಳ ತಲೆಗಳು ಒಂದರತ್ತ ಒಂದು ವಾಲುತ್ತವೆ. ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತದೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ತೆರೆದ ಬಾಗಿಲಿನ ತುದಿ ಹಿಡಿದು ಮೇಲಕ್ಕೆತ್ತಿ. ಕಂಬ ಅಲುಗದೆ ಬಾಗಿಲು ಮಾತ್ರ ಕುಣಿದರೆ ಹಿಂಜ್ ಪಿನ್ ಸವೆದಿದೆ. ಹೊಸ ಪಿನ್ನು, ಬುಷ್ ಸಾಕು. ಕಂಬವೂ ಅಲುಗಿದರೆ ಅಲ್ಲಿನ ತಗಡು ಕೊಳೆತಿದೆ. ಎರಡೂ ಗಟ್ಟಿಯಿದ್ದರೆ ಬಾಗಿಲು ಹಾಕಿ, ಕಾರನ್ನು ಜಾಕ್‌ನಿಂದ ಎತ್ತುತ್ತ ಸಂದಿನ ಮೇಲೆ ಕಣ್ಣಿಡಿ. ಅದು ಕಣ್ಣೆದುರೇ ಬದಲಾದರೆ ಸಿಲ್ ಕೈಕೊಟ್ಟಿದೆ ಎಂದೇ ಲೆಕ್ಕ.

ಸಿಲ್ ಬದಲಿಸುವಾಗಲೇ ಹೆಚ್ಚಿನ ಕಾರುಗಳು ಕೆಡುವುದು. ಆತುರದಲ್ಲಿ ಹಳೆಯ ಸಿಲ್ ಕತ್ತರಿಸಿದರೆ ಬಾಡಿ ಎಲ್ಲಿ ಜಗ್ಗಿತ್ತೋ ಅಲ್ಲೇ ಹೊಸದು ವೆಲ್ಡ್ ಆಗುತ್ತದೆ; ಸೊಟ್ಟ ಶಾಶ್ವತವಾಗುತ್ತದೆ. ಮೊದಲು ಬಾಡಿಯನ್ನು ಎತ್ತಿ ಸಂದು ಸರಿಮಾಡಿಕೊಂಡು, ಬಾಗಿಲ ಚೌಕಟ್ಟಿಗೆ ಕಬ್ಬಿಣದ ಪೈಪುಗಳನ್ನು ಅಡ್ಡ ಬಿಗಿದು, ಭಾರ ಸಸ್ಪೆನ್ಷನ್ ಇರುವಲ್ಲೇ ಬೀಳುವಂತೆ ನಿಲ್ಲಿಸಬೇಕು. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬಾರದು. ವೆಲ್ಡಿಂಗ್ ನಡುನಡುವೆ ಬಾಗಿಲು ಹಾಕಿ ನೋಡುತ್ತಿರಬೇಕು, ಬಿಸಿಗೆ ತಗಡು ಎಳೆದುಕೊಳ್ಳುತ್ತದೆ.

ಜೋಡಣೆ ಶುರುವಾಗುವುದು ಹಿಂದಿನಿಂದ. ಹಿಂಬದಿಯ ಪ್ಯಾನೆಲ್ ವೆಲ್ಡ್ ಆಗಿರುವುದರಿಂದ ಕದಲದು. ಹಿಂಬಾಗಿಲನ್ನು ಅದಕ್ಕೆ, ಮುಂಬಾಗಿಲನ್ನು ಹಿಂಬಾಗಿಲಿಗೆ, ಬೋಲ್ಟ್ ಹಾಕಿದ ಮಡ್‌ಗಾರ್ಡನ್ನು ಮುಂಬಾಗಿಲಿಗೆ ಹೊಂದಿಸಿ, ಬಾನೆಟ್ಟನ್ನು ಕೊನೆಗೆ ಕೂರಿಸಬೇಕು. ಸಣ್ಣ ವ್ಯತ್ಯಾಸಕ್ಕೆ ಬೋಲ್ಟಿನಡಿ ತೆಳು ತಗಡಿನ ಪ್ಯಾಕಿಂಗ್ ಇದೆ. ಎಂಜಿನ್ ಇಳಿಸಿದ ಖಾಲಿ ಬಾಡಿಯಲ್ಲಿ ಹೊಂದಿಸಿದ ಸಂದು ಎಂಜಿನ್ ಕೂತಾಗ ಸರಿಯಬಹುದು. ಹೊಸ ರಬ್ಬರ್ ಬೀಡಿಂಗ್ ಕೂಡ ಬಾಗಿಲನ್ನು ಹೊರಕ್ಕೆ ತಳ್ಳುತ್ತದೆ. ಅದನ್ನೂ ಬಣ್ಣಕ್ಕೆ ಮೊದಲೇ ಹಾಕಿ ನೋಡುವುದು ಜಾಣತನ.

ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಹೋದರೆ ಬಣ್ಣದ ಹೊಳಪು ಬಿಟ್ಟು ಬಾಗಿಲ ಗೆರೆಗಳನ್ನು ನೋಡಿ. ಹಾಗೆಂದು ನಿಮ್ಮ ಅಂಬಾಸಿಡರ್‌ನಿಂದ ಇಂದಿನ ಕಾರಿನ ಕೂದಲೆಳೆಯ ಸಂದನ್ನು ಬಯಸಬೇಡಿ. ಉತ್ತರಪಾರಾದ ಕಾರ್ಖಾನೆಯಿಂದ ಹೊರಟಾಗಲೂ ಅದು ಹಾಗಿರಲಿಲ್ಲ. ಅದಕ್ಕೆ ಸುರಿಯುವ ದುಡ್ಡಿನಲ್ಲಿ ಸಿಲ್‌ನೊಳಗೆ ಮೇಣದ ಲೇಪ ಹೊಡೆಸಿ, ಮಳೆಗಾಲಕ್ಕೆ ಮೊದಲು ತಂತಿ ಆಡಿಸಿ ತೂತು ಬಿಡಿಸಿಕೊಳ್ಳಿ.