ಮಗುವಿನ ಗೀಳು ಮತ್ತು ಮದ್ದಿನ ಆಯ್ಕೆ

ಕಾಶಿಯ ಹನುಮಾನ್ ಘಾಟ್, ಕೇದಾರ ಘಾಟ್‌ಗಳ ಓಣಿಗಳಲ್ಲಿ ದಕ್ಷಿಣದ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಕರ್ನಾಟಕದ ಹೆಸರಿನ ಘಾಟೂ ಅಲ್ಲಿಯೇ ಸಮೀಪದಲ್ಲಿದೆ. ಸ್ನಾನ, ಮಡಿ, ಶುದ್ಧಿಗಳೇ ದಿನಚರಿಯಾದ ಅಂಥ ಊರಿನ ಕನ್ನಡ ಮನೆಯೊಂದರಲ್ಲಿ ಹತ್ತು ವರ್ಷದ ಬಾಲಕನು ಪದೇಪದೇ ಕೈ ತೊಳೆದರೆ ಹಿರಿಯರು ಗಾಬರಿಪಡುವುದಿಲ್ಲ. ‘ಹುಡುಗನಿಗೆ ಶ್ರದ್ಧೆ ಹೆಚ್ಚು’ ಎಂದು ಮೆಚ್ಚುವುದೂ ಉಂಟು. ಕೈಯ ಚರ್ಮ ಬಿರಿದು, ಶಾಲೆಯ ವೇಳೆ ಮೀರಿ, ‘ಅಜ್ಜೀ, ನನಗೆ ಮೈಲಿಗೆಯಾಗಿಲ್ಲ ತಾನೆ?’ ಎಂಬ ಪ್ರಶ್ನೆ ದಿನಕ್ಕೆ 40 ಸಲ ಬಂದಾಗ ವೈದ್ಯರ ನೆನಪಾಗುತ್ತದೆ. ಮಡಿಗೆ ಮುಕ್ತಾಯವುಂಟು, ಮಿಂದವನಿಗೆ ಸಮಾಧಾನ ದೊರೆಯುತ್ತದೆ. ಗೀಳು ತೊಳೆದ ಕೈಯನ್ನೇ ಮತ್ತೆ ಶಂಕಿಸುತ್ತದೆ.

ಕಾಶಿ ಹಿಂದೂ ವಿಶ್ವವಿದ್ಯಾಲಯದ ಸರ್ ಸುಂದರಲಾಲ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಮನೋಬೇನೆಗೆಂದೇ ಪ್ರತ್ಯೇಕ ಚಿಕಿತ್ಸಾಲಯವುಂಟು. ಬೇನೆಯ ಹೆಸರು ತಿಳಿದ ಮೇಲೆ ತಂದೆತಾಯಿಗಳನ್ನು ಕಾಡುವ ಪ್ರಶ್ನೆ ಒಂದೇ: ಬೆಳೆಯುವ ಮಗುವಿಗೆ ಮಿದುಳಿನ ಮೇಲೆ ಕೆಲಸ ಮಾಡುವ ಮಾತ್ರೆ ಕೊಡಬಹುದೆ?

ಈ ಪ್ರಶ್ನೆಗೆ ಬೆಳಕು ತೋರಿದ ಅಧ್ಯಯನವೊಂದು ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾಯಿತು. 7ರಿಂದ 17 ವರ್ಷದ 112 ಮಕ್ಕಳನ್ನು 12 ವಾರ ಗಮನಿಸಲಾಯಿತು. ಬೇನೆಯಿಂದ ಬಹುಮಟ್ಟಿಗೆ ಬಿಡುಗಡೆ ಹೊಂದಿದವರು, ಸರ್ಟ್ರಲೀನ್ ಮಾತ್ರೆಯೊಂದನ್ನೇ ಪಡೆದವರಲ್ಲಿ ನೂರಕ್ಕೆ ಸುಮಾರು 21, ವರ್ತನಾ ಚಿಕಿತ್ಸೆಯೊಂದನ್ನೇ ಪಡೆದವರಲ್ಲಿ 39, ಎರಡನ್ನೂ ಪಡೆದವರಲ್ಲಿ 54. ಹುಸಿ ಮಾತ್ರೆ ಪಡೆದವರಲ್ಲಿ 4 ಮಾತ್ರ. ಆದುದರಿಂದ ಬೇನೆ ಸೌಮ್ಯವಾಗಿದ್ದರೆ ವರ್ತನಾ ಚಿಕಿತ್ಸೆಯಿಂದ ಆರಂಭಿಸುವುದೂ, ತೀವ್ರವಾಗಿದ್ದರೆ ಅಥವಾ ನುರಿತ ಚಿಕಿತ್ಸಕರು ದೊರೆಯದಿದ್ದರೆ ಮಾತ್ರೆಯನ್ನು ಸೇರಿಸುವುದೂ ರೂಢಿ.

ವರ್ತನಾ ಚಿಕಿತ್ಸೆಯೆಂದರೆ ಬುದ್ಧಿವಾದವಲ್ಲ. ಮಗುವು ಅಂಜುವ ವಸ್ತುವನ್ನು ಹಂತಹಂತವಾಗಿ ಮುಟ್ಟಿಸಿ, ಕೈ ತೊಳೆಯದೆ ಆತಂಕವು ತಾನಾಗಿ ಇಳಿಯುವವರೆಗೆ ಜೊತೆಗಿರುವುದು. ಪರಊರಿನ ಕನ್ನಡಿಗರಿಗೆ ಇಲ್ಲಿ ವಿಶೇಷ ತೊಡಕೊಂದಿದೆ. ಮಾತ್ರೆಗೆ ಭಾಷೆ ಬೇಡ. ಈ ಚಿಕಿತ್ಸೆಗೆ ಬೇಕು. ಮಗುವು ಚಿಕಿತ್ಸಕರೊಡನೆ ಹಿಂದಿಯಲ್ಲಿ ಮಾತನಾಡೀತು. ಆದರೆ ‘ಆಗಿಲ್ಲ ಕಂದ’ ಎಂದು ದಿನವಿಡೀ ಭರವಸೆ ನೀಡುವ ಅಜ್ಜಿಗೆ ಕನ್ನಡವೊಂದೇ ಬರುವುದು. ಆ ಭರವಸೆಯೇ ಗೀಳಿಗೆ ಉಣಿಸು ಎಂಬುದನ್ನು ಆಕೆಗೆ ತಾಯ್ನುಡಿಯಲ್ಲಿ ವಿವರಿಸಬೇಕಾದವರು ತಂದೆತಾಯಿಗಳೇ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ದೂರವಾಣಿ, 14416, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಸಲಹೆ ನೀಡುತ್ತದೆ.

ಇನ್ನು ಮಾತ್ರೆಗಳು. ಸರ್ಟ್ರಲೀನ್, ಫ್ಲೂಆಕ್ಸಟೀನ್, ಫ್ಲೂವಾಕ್ಸಮೀನ್ ಮೊದಲ ಸಾಲಿನವು. ಹಳೆಯದಾದ ಕ್ಲೋಮಿಪ್ರಮೀನ್‌ಗೆ ಹೃದಯದ ಇ.ಸಿ.ಜಿ. ಪರೀಕ್ಷೆ ಅಗತ್ಯವಾದುದರಿಂದ ಅದನ್ನು ಸಾಮಾನ್ಯವಾಗಿ ಆಮೇಲೆ ಯೋಚಿಸುತ್ತಾರೆ. ಇವು ನಿದ್ರೆಯ ಗುಳಿಗೆಗಳಲ್ಲ, ಚಟ ಹಿಡಿಸುವಂಥವೂ ಅಲ್ಲ. ಅಲ್ಪ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಪೂರ್ಣ ಗುಣ ತಿಳಿಯಲು 10ರಿಂದ 12 ವಾರ ಬೇಕು. ಮೂರನೆಯ ವಾರದಲ್ಲಿ ‘ಪ್ರಯೋಜನವಿಲ್ಲ’ ಎಂದು ಶೀಶೆಯನ್ನು ಮೂಲೆಗಿಡುವವರೂ ಉಂಟು. ಹೊಟ್ಟೆ ತೊಳಸು, ತಲೆನೋವು, ನಿದ್ರಾಭಂಗ, ಚಡಪಡಿಕೆ ಆರಂಭದಲ್ಲಿ ಕಾಣಬಹುದು.

ಅಂತರ್ಜಾಲದಲ್ಲಿ ಓದಿ ಹೆದರುವ ಎಚ್ಚರಿಕೆಯೊಂದಿದೆ. ಅದನ್ನು ಮುಚ್ಚಿಡುವುದು ಸಲ್ಲದು. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2004ರಲ್ಲಿ, ಖಿನ್ನತೆಗೂ ಬಳಸುವ ಈ ಬಗೆಯ ಔಷಧಗಳನ್ನು ಪಡೆದ ಮಕ್ಕಳಲ್ಲಿ ಆತ್ಮಹತ್ಯೆಯ ಆಲೋಚನೆ ಅಥವಾ ಯತ್ನ ನೂರಕ್ಕೆ 4ರಷ್ಟು, ಹುಸಿ ಮಾತ್ರೆಯವರಲ್ಲಿ 2ರಷ್ಟು ಎಂದು ತಿಳಿಸಿತು. ಆ ಪ್ರಯೋಗಗಳಲ್ಲಿ ಯಾವ ಮಗುವೂ ಆತ್ಮಹತ್ಯೆ ಮಾಡಿಕೊಳ್ಳಲಿಲ್ಲ. ಆದರೂ ಮೊದಲ ವಾರಗಳಲ್ಲಿ, ಪ್ರಮಾಣ ಬದಲಾದಾಗಲೆಲ್ಲ, ಮಗುವಿನ ಮಾತು, ನಿದ್ರೆ, ಸಿಡುಕುಗಳ ಮೇಲೆ ಕಣ್ಣಿರಬೇಕು. ವಿಪರೀತವೆನಿಸಿದರೆ ಅಂದೇ ವೈದ್ಯರಿಗೆ ತಿಳಿಸಬೇಕು. ವಂಶದಲ್ಲಿ ಉನ್ಮಾದದ ಕಾಯಿಲೆಯಿದ್ದರೂ, ಮನೆಯಲ್ಲಿ ಆಯುರ್ವೇದದ ಮದ್ದು ನಡೆಯುತ್ತಿದ್ದರೂ ಮೊದಲೇ ಹೇಳಬೇಕು.

ಗುಣವಾದ ಮೇಲೂ ಹಲವು ತಿಂಗಳು, ಸಾಮಾನ್ಯವಾಗಿ ಒಂದು ವರ್ಷದವರೆಗೆ, ಮಾತ್ರೆ ಮುಂದುವರಿಯುತ್ತದೆ. ಬಿಡಿಸುವುದು ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ. ಪರೀಕ್ಷೆಯ ತಿಂಗಳಿನಲ್ಲಾಗಲಿ, ಊರಿಗೆ ಹೊರಡುವ ಗಡಿಬಿಡಿಯಲ್ಲಾಗಲಿ ಅಲ್ಲ.